ಡಿಲೀಟ್ ಮಾಡಿದಷ್ಟೂ ತುಂಬಿದ ಡಿಸ್ಕ್

‘ಡಿಲೀಟ್‌ಗೂ ಟ್ರಂಕೇಟ್‌ಗೂ ಏನು ವ್ಯತ್ಯಾಸ?’ ಕ್ಯಾಂಪಸ್ ಇಂಟರ್‌ವ್ಯೂಗೆ ತಯಾರಾಗುತ್ತಿರುವ ಯಾರನ್ನೇ ನಿದ್ದೆಯಿಂದ ಎಬ್ಬಿಸಿ ಕೇಳಿ, ಉತ್ತರ ಒಪ್ಪಿಸುತ್ತಾರೆ. ನನಗೂ ಬಾಯಿಪಾಠವಾಗಿತ್ತು. ಆ ಉತ್ತರದಲ್ಲಿ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿದೆ ಅಂತ ಗೊತ್ತಾಗಿದ್ದು ಐದನೇ ಸೆಮಿಸ್ಟರಿನ ಒಂದು ರಾತ್ರಿ.

ನಮ್ಮ ವಿಭಾಗದ ಪ್ಲೇಸ್‌ಮೆಂಟ್ ಅರ್ಜಿಗಳೆಲ್ಲ ವಿದ್ಯಾರ್ಥಿಗಳೇ ಕಟ್ಟಿದ ಪೋರ್ಟಲ್‌ನಲ್ಲಿ ಹೋಗುತ್ತವೆ. ಲ್ಯಾಬಿನ ಮೂಲೆಯ ಹಳೇ ಕಂಪ್ಯೂಟರೇ ಅದರ ಸರ್ವರ್, ಒಳಗಿರುವುದು ಮೈಎಸ್‌ಕ್ಯೂಎಲ್. ನೋಡಿಕೊಳ್ಳುವ ಮೂವರಲ್ಲಿ ನಾನೇ ಕಿರಿಯ. ಮರುದಿನ ಬೆಳಿಗ್ಗೆ 10ಕ್ಕೆ ಒಂದು ಕಂಪನಿಯ ಅರ್ಜಿಗೆ ಗಡುವು. ರಾತ್ರಿ ನೋಡಿದರೆ ಡಿಸ್ಕ್ ಶೇ 97 ಭರ್ತಿ! ಯಾರು ಯಾವಾಗ ಲಾಗಿನ್ ಆದರು ಎಂಬ ದಾಖಲೆಯ ಟೇಬಲ್ಲೇ ಎಲ್ಲಕ್ಕಿಂತ ದೊಡ್ಡದಿತ್ತು. ಹಳೆಯದು ಯಾರಿಗೆ ಬೇಕು ಎಂದುಕೊಂಡು ಲಕ್ಷಗಟ್ಟಲೆ ಸಾಲುಗಳಿಗೆ ಒಂದೇ ಏಟಿಗೆ ಡಿಲೀಟ್ ಕೊಟ್ಟು ಚಹಾ ಕುಡಿಯಲು ಹೋದೆ. ವಾಪಸ್ ಬರುವಷ್ಟರಲ್ಲಿ ಡಿಸ್ಕ್ ಶೇ 100. ಫೈನಲ್ ಇಯರ್ ಅಕ್ಕ ಒಬ್ಬರು ನಾಲ್ಕು ಸಲ ಫೋನ್ ಮಾಡಿದ್ದರು: ‘ರೆಸ್ಯೂಮೆ ಅಪ್‌ಲೋಡ್ ಆಗ್ತಾ ಇಲ್ಲ, ಬರೀ ಸುತ್ತುತ್ತಾ ಇದೆ.’

ಅಳಿಸಿದರೆ ತುಂಬುವುದು ಹೇಗೆ? ಹಾಸ್ಟೆಲಿನ ಹುಡುಗರೆಲ್ಲ ರೂಮು ಖಾಲಿ ಮಾಡಿದರೂ ಕಟ್ಟಡ ಚಿಕ್ಕದಾಗುವುದಿಲ್ಲ, ಅಲ್ಲವೇ? ಡಿಲೀಟ್ ಮಾಡುವುದೂ ಅಷ್ಟೇ. ಮುಂದೆ ಬರುವ ಸಾಲುಗಳಿಗೆ ರೂಮು ಸಿಗುತ್ತದೆ, ಫೈಲ್ ಮಾತ್ರ ಇದ್ದಷ್ಟೇ ಇರುತ್ತದೆ. ಟ್ರಂಕೇಟ್ ಆದರೆ ಕಟ್ಟಡವನ್ನೇ ಕೆಡವಿ ಹೊಸದಾಗಿ ಕಟ್ಟುತ್ತದೆ. ಸಾಲದ್ದಕ್ಕೆ, ಅಳಿಸಿದ ಪ್ರತಿಯೊಂದು ಸಾಲನ್ನೂ ಮೈಎಸ್‌ಕ್ಯೂಎಲ್ ತನ್ನ ಬೈನರಿ ಲಾಗ್‌ನಲ್ಲಿ ಬರೆದಿಡುತ್ತದೆ. ಕೆಲಸ ಅರ್ಧಕ್ಕೆ ನಿಂತರೆ ಹಿಂದಿರುಗಿಸಲು ಹಳೇ ಪ್ರತಿಯನ್ನೂ ಇಟ್ಟುಕೊಳ್ಳುತ್ತದೆ. ಕಸ ಗುಡಿಸಲು ಹೋಗಿ ಮನೆ ತುಂಬಾ ಕಸ ಮಾಡಿದ್ದೆ.

ಇದು ಬರೀ ಹುಡುಗಾಟದ ತಪ್ಪಲ್ಲ ಅಂತ ಆಮೇಲೆ ಓದಿ ಸಮಾಧಾನಪಟ್ಟೆ. 2023ರ ಆಗಸ್ಟ್ 29ರಂದು ಜಪಾನಿನಲ್ಲಿ ಟೊಯೊಟಾದ 14 ಕಾರ್ಖಾನೆಗಳು ನಿಂತುಹೋದವು. ಸೈಬರ್ ದಾಳಿಯೇ ಎಂಬ ಪ್ರಶ್ನೆಯೂ ಎದ್ದಿತ್ತು. ಕೊನೆಗೆ ಕಂಪನಿ ಕೊಟ್ಟ ಕಾರಣ: ಎರಡು ದಿನ ಹಿಂದಿನ ನಿರ್ವಹಣಾ ಕೆಲಸದಲ್ಲಿ ಡೇಟಾಬೇಸ್‌ನಲ್ಲಿ ಕೂಡಿದ್ದ ಮಾಹಿತಿಯನ್ನು ಅಳಿಸಿ ಜೋಡಿಸುವಾಗ ಡಿಸ್ಕ್‌ನಲ್ಲಿ ಜಾಗ ಸಾಲಲಿಲ್ಲ. ಬಿಡಿಭಾಗಗಳ ಆರ್ಡರ್ ನೋಡಿಕೊಳ್ಳುವ ಸರ್ವರ್‌ಗಳು ಕೈಕೊಟ್ಟವು. ಬ್ಯಾಕಪ್ ಕೂಡ ಅದೇ ವ್ಯವಸ್ಥೆಯಲ್ಲಿತ್ತು, ಅದೂ ಕೆಟ್ಟಿತು. ಹೆಚ್ಚು ಜಾಗವಿದ್ದ ಸರ್ವರ್‌ಗೆ ಮಾಹಿತಿ ಸಾಗಿಸಿದ ಮೇಲೆಯೇ ಎಲ್ಲ ಸರಿಹೋಗಿದ್ದು.

ನಮ್ಮ ಹತ್ತಿರ ಇನ್ನೊಂದು ಸರ್ವರ್ ಎಲ್ಲಿಂದ ಬರಬೇಕು? ಬೈನರಿ ಲಾಗ್ ಫೈಲುಗಳನ್ನೇ ಕೈಯಾರೆ ಅಳಿಸಿಬಿಡೋಣ ಎಂದೆ. ಸೀನಿಯರ್ ಫೋನಿನಲ್ಲೇ ಗದರಿದರು. ಹಾಗೆ ಮಾಡಿದರೆ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಬೆಂಚಿನಲ್ಲಿ ಹುಡುಗ ಇರುವುದಿಲ್ಲ, ಮೈಎಸ್‌ಕ್ಯೂಎಲ್ ತಬ್ಬಿಬ್ಬಾಗುತ್ತದೆ. ‘ಮೊದಲು ಎರರ್ ಲಾಗ್ ಓದು’ ಎಂದರು. ತೆರೆದರೆ, ಜಾಗ ಮುಗಿದಿದೆ, ಯಾರಾದರೂ ಜಾಗ ಮಾಡಿಕೊಡಲಿ ಅಂತ ಕಾಯುತ್ತಿದ್ದೇನೆ ಎಂಬರ್ಥದ ಸಾಲು. ತುಂಬಿದ ಬಸ್ಸಿನಲ್ಲಿ ‘ಸ್ವಲ್ಪ ಸರೀರಿ’ ಅನ್ನುತ್ತಾ ನಿಂತ ಪ್ರಯಾಣಿಕನ ಹಾಗೆ! ಡಿಸ್ಕ್ ತುಂಬಿದಾಗ ಅದು ನಿಮಿಷಕ್ಕೊಮ್ಮೆ ಜಾಗ ಆಯಿತೇ ಎಂದು ನೋಡುತ್ತಿರುತ್ತದಂತೆ.

ಹಾಗಾದರೆ ಡೇಟಾಬೇಸನ್ನು ಮುಟ್ಟದೆ ಬೇರೆ ಏನನ್ನಾದರೂ ತೆಗೆಯಬೇಕು. ಫೋಲ್ಡರ್‌ಗಳ ಗಾತ್ರ ನೋಡುತ್ತಾ ಹೋದರೆ, ಯಾರೋ ಪುಣ್ಯಾತ್ಮರು ಸರ್ವರ್‌ನಲ್ಲಿ ಇಳಿಸಿಟ್ಟಿದ್ದ 1.4 ಜಿಬಿ ಸಿನಿಮಾ ಸಿಕ್ಕಿತು. ತೆಗೆದೆ. ಸ್ವಲ್ಪ ಹೊತ್ತಿಗೆ ಸುತ್ತುತ್ತಿದ್ದ ಚಕ್ರ ನಿಂತು ಪೋರ್ಟಲ್ ಉಸಿರಾಡಿತು. ಹಿಂದಿನ ರಾತ್ರಿಯ ಬ್ಯಾಕಪ್ ಸರಿಯಿದೆಯೇ ನೋಡಿಕೊಂಡು, ಪರ್ಜ್ ಕಮಾಂಡ್ ಕೊಟ್ಟು ಹಳೇ ಬೈನರಿ ಲಾಗ್‌ಗಳನ್ನು ಕ್ರಮವಾಗಿ ತೆಗೆದೆವು. ಅವು ತಾವಾಗಿಯೇ 30 ದಿನ ಉಳಿಯುತ್ತವೆ; ನಮಗೆ 7 ದಿನ ಸಾಕು ಎಂದು ಬದಲಿಸಿದೆವು. ಆ ದೊಡ್ಡ ಟೇಬಲನ್ನು ಕುಗ್ಗಿಸುವ ‘ಆಪ್ಟಿಮೈಜ್’ ಕೆಲಸ ಭಾನುವಾರಕ್ಕೆ ಇಟ್ಟುಕೊಂಡೆವು. ಅದು ಟೇಬಲಿನ ಇನ್ನೊಂದು ಪ್ರತಿ ಕಟ್ಟಿ ಆಮೇಲೆ ಹಳೆಯದನ್ನು ಬಿಡುತ್ತದೆ, ಅಷ್ಟು ಜಾಗ ಮೊದಲೇ ಇರಬೇಕು. ಅಕ್ಕನ ರೆಸ್ಯೂಮೆ ಬೆಳಗಿನ ಜಾವ 2.20ಕ್ಕೆ ಹೋಯಿತು. ಅವರು ನಿದ್ದೆ ಮಾಡಿರಲಿಲ್ಲ, ನಾನಂತೂ ಇಲ್ಲವೇ ಇಲ್ಲ.

ಈಗ ಡಿಸ್ಕ್ ಶೇ 80 ದಾಟಿದರೆ ಮೂವರಿಗೂ ಮೇಲ್ ಬರುತ್ತದೆ. ಜೊತೆಗೆ ಸರ್ವರ್‌ನಲ್ಲಿ 2 ಜಿಬಿಯ ಒಂದು ಖಾಲಿ ಫೈಲ್ ಇಟ್ಟಿದ್ದೇವೆ, ಕಷ್ಟ ಬಂದಾಗ ಅಳಿಸಲೆಂದೇ. ಹೆಸರು ‘ಆಪದ್ಧನ’. ಮೊನ್ನೆ ಹೊಸದಾಗಿ ಸೇರಿದ ಜೂನಿಯರ್ ‘ಅಣ್ಣಾ, ಇದ್ಯಾವುದೋ ವೇಸ್ಟ್ ಫೈಲ್ ಇದೆ, ಡಿಲೀಟ್ ಮಾಡ್ಲಾ?’ ಎಂದು ಕೇಳಿದ.