ಎಲ್ಲ ಹೊಟ್ಟೆನೋವೂ ಗ್ಯಾಸ್ಟ್ರಿಕ್ ಅಲ್ಲ!

ಹೋದ ವರ್ಷ ಗೌರಿ ಹಬ್ಬದ ರಾತ್ರಿ ನಮ್ಮಕ್ಕನಿಗೆ ಹೊಟ್ಟೆಯ ಬಲಭಾಗದಲ್ಲಿ ತಡೆಯಲಾರದ ನೋವು. ‘ಒಬ್ಬಟ್ಟು ಜಾಸ್ತಿಯಾಯ್ತು, ಗ್ಯಾಸ್ಟ್ರಿಕ್ಕು ಕಣೇ’ ಅಂತ ಓಮದ ನೀರು ಕುಡಿದು ಮಲಗಿದಳು. ನೋವು ಮತ್ತೆ ಮತ್ತೆ ಬಂದರೂ ‘ಮಕ್ಕಳ ಪರೀಕ್ಷೆ ಮುಗೀಲಿ’ ಎಂದು ಮುಂದೂಡಿದಳು. ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲು ಕಂಡಿತು. ಪಿತ್ತನಾಳದಲ್ಲಿ ಏನೂ ಕಾಣಲಿಲ್ಲ. ಆದರೆ ರಕ್ತಪರೀಕ್ಷೆಯಲ್ಲಿ ಬಿಲಿರುಬಿನ್ ಹೆಚ್ಚಿತ್ತು. ವೈದ್ಯರು ‘ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್’ (ಇಯುಎಸ್) ಮಾಡಿಸಿ ಎಂದಾಗ ಅಕ್ಕ ಹೆಸರು ಕೇಳಿಯೇ ಬೆವತಳು.

ಏನಿದು ಇಯುಎಸ್?

ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನ್‌ನಲ್ಲಿ ಪಿತ್ತಕೋಶದ ಕಲ್ಲು ಚೆನ್ನಾಗಿ ಕಾಣುತ್ತದೆ. ಪಿತ್ತನಾಳದ ಕೆಳಭಾಗಕ್ಕೆ ಮಾತ್ರ ಕರುಳಿನ ಗಾಳಿ ಅಡ್ಡ ಬರುತ್ತದೆ. ಹಾಗಾಗಿ ಅಲ್ಲಿನ ಕಲ್ಲು ಕಣ್ತಪ್ಪಬಹುದು. ಇಯುಎಸ್‌ನಲ್ಲಿ ತುದಿಗೆ ಪುಟ್ಟ ಸ್ಕ್ಯಾನರ್ ಇರುವ ಬಾಗುವ ಕೊಳವೆಯನ್ನು ಬಾಯಿಯಿಂದ ಸಣ್ಣ ಕರುಳಿನ ಆರಂಭದವರೆಗೆ ಇಳಿಸುತ್ತಾರೆ. ನಾಳ ಅದರ ಪಕ್ಕದಲ್ಲೇ ಇರುವುದರಿಂದ 5 ಮಿಲಿಮೀಟರ್‌ಗಿಂತ ಚಿಕ್ಕ ಕಲ್ಲೂ ಸಿಕ್ಕಿಬೀಳುತ್ತದೆ. ಗಡ್ಡೆಯ ಅನುಮಾನವಿದ್ದರೆ ಸೂಜಿಯಿಂದ ಚೂರು ತೆಗೆದು ಪರೀಕ್ಷೆಗೂ ಕಳಿಸಬಹುದು.

ಎಂಆರ್‌ಸಿಪಿ ಸ್ಕ್ಯಾನ್‌ಗೆ ಕೊಳವೆ ಬೇಡ, ನಿಜ. ಆದರೆ ತೀರಾ ಸಣ್ಣ ಕಲ್ಲು ಅದರಲ್ಲಿ ತಪ್ಪಿಹೋಗಬಹುದು. ನಾಳದ ಕಲ್ಲು ತೆಗೆಯುವ ಇಆರ್‌ಸಿಪಿಯಿಂದ ಕೆಲವರಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವುಂಟು. ಇಯುಎಸ್‌ನಲ್ಲಿ ಕಲ್ಲಿಲ್ಲವೆಂದು ತಿಳಿದರೆ ಆ ಅಪಾಯಕ್ಕೆ ಕೈಹಾಕುವುದೇ ಬೇಡ.

ಇವು ನೆನಪಿರಲಿ

* ಪರೀಕ್ಷೆಗೆ ಮುಂಚೆ ಸಾಮಾನ್ಯವಾಗಿ 6ರಿಂದ 8 ಗಂಟೆ ಏನೂ ತಿನ್ನುವಂತಿಲ್ಲ. ನೀರಿನ ಬಗ್ಗೆ ವೈದ್ಯರನ್ನೇ ಕೇಳಿ.

* ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧಿ, ಅಲರ್ಜಿ ಇದ್ದರೆ ಮೊದಲೇ ತಿಳಿಸಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ.

* ಮಂಪರಿನ ಔಷಧಿ ಕೊಡುವುದರಿಂದ ಜೊತೆಗೊಬ್ಬರು ಇರಲಿ. ಅಂದು ಗಾಡಿ ಓಡಿಸಬೇಡಿ.

* ಆಮೇಲೆ ಗಂಟಲು ಸ್ವಲ್ಪ ಕೆರೆಯಬಹುದು. ಜ್ವರ, ಜೋರು ಹೊಟ್ಟೆನೋವು, ರಕ್ತವಾಂತಿಯಾದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಪಿತ್ತಕೋಶದ ಕಲ್ಲು ಗಂಡಸರಿಗಿಂತ ನಮಗೇ ಹೆಚ್ಚು. ಬಸಿರು, ಬೊಜ್ಜು, ದಿಢೀರ್ ತೂಕ ಇಳಿಸುವುದು ಎಲ್ಲವೂ ಕಾರಣವಾಗಬಹುದು. ನೋವಿನ ಜೊತೆ ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ‘ಕಾಮಾಲೆ ಇರಬೇಕು’ ಅಂತ ನಾಟಿ ಔಷಧಿ ಹುಡುಕುತ್ತಾ ದಿನ ಕಳೆಯಬೇಡಿ. ನಾಳ ಕಟ್ಟಿಕೊಂಡು ಸೋಂಕಾದರೆ ಜೀವಕ್ಕೇ ಕುತ್ತು. ಅವತ್ತೇ ಆಸ್ಪತ್ರೆಗೆ ಹೋಗಿ.

ಅಕ್ಕನ ನಾಳದಲ್ಲಿ ಒಂದು ಪುಟ್ಟ ಕಲ್ಲಿತ್ತು. ಅದನ್ನು ತೆಗೆದರು, ಆಮೇಲೆ ಪಿತ್ತಕೋಶವನ್ನೂ ತೆಗೆದರು. ಈ ಸಲದ ಹಬ್ಬಕ್ಕೆ ಒಬ್ಬಟ್ಟು ತಟ್ಟಿದವಳೂ ಅವಳೇ, ನೆಮ್ಮದಿಯಾಗಿ ತಿಂದವಳೂ ಅವಳೇ!