ಜಾತಿನಾಯಿಯ ಕರುಳು ಹೊಸೆದುಕೊಂಡಾಗ

ಕೋಲಾರದ ಹತ್ತಿರದ ಕ್ಯಾಲನೂರಿನ ಸುತ್ತಮುತ್ತ ಹಸು ಕಟ್ಟಿದವರಿಗೆ ಹೊಟ್ಟೆಯುಬ್ಬರ ಹೊಸದಲ್ಲ. ಹಸಿ ಮೇವು ಮಿತಿಮೀರಿ ತಿಂದ ಹಸುವಿನ ಎಡಪಕ್ಕೆ ಉಬ್ಬಿದರೆ ಎಣ್ಣೆ ಕುಡಿಸಿ ಡಾಕ್ಟರಿಗೆ ಫೋನು ಮಾಡುತ್ತಾರೆ. ತೋಟ ಕಾಯುವ ಜರ್ಮನ್ ಶೆಪರ್ಡ್ ನಾಯಿಯ ಹೊಟ್ಟೆ ಉಬ್ಬಿದಾಗಲೂ ಕೈ ಅದೇ ಎಣ್ಣೆಗೆ ಹೋಗುವುದು ಸಹಜ. ಆದರೆ ಹಾಗೆ ಮಾಡಬಾರದು. ಹಸುವಿನ ಮೆಲುಕುಹೊಟ್ಟೆಯಲ್ಲಿ ಗಾಳಿ ನೊರೆಗಟ್ಟಿರುತ್ತದೆ, ಎಣ್ಣೆ ಆ ನೊರೆಯನ್ನು ಒಡೆಯುತ್ತದೆ. ದೊಡ್ಡ ನಾಯಿಗೆ ಒಮ್ಮೆಲೇ ಹೊಟ್ಟೆ ಉಬ್ಬಿತೆಂದರೆ ಒಳಗೆ ಜಠರವೋ ಕರುಳೋ ತಿರುಚಿಕೊಂಡು ದಾರಿಯೇ ಮುಚ್ಚಿರಬಹುದು. ಆಗ ಕುಡಿಸಿದ ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವೇ ಹೆಚ್ಚು.

ಹೆಚ್ಚಾಗಿ ಕಾಣುವುದು ಜಠರದ ತಿರುಚು. ಗಾಳಿ ತುಂಬಿದ ಜಠರ ಮಗುಚಿ, ಗಂಟಲಿನಿಂದ ಬರುವ ದಾರಿ ಮುಚ್ಚಿಹೋಗುತ್ತದೆ. ನಾಯಿ ವಾಂತಿಗೆ ಒದ್ದಾಡುತ್ತದೆ, ಏನೂ ಹೊರಬರುವುದಿಲ್ಲ. ಕರುಳಿನ ತಿರುಚು ಇದಕ್ಕಿಂತ ಅಪರೂಪ, ಇದಕ್ಕಿಂತ ಕ್ರೂರ. ಸಣ್ಣ ಕರುಳು ಬೆನ್ನಿನ ಒಳಭಾಗಕ್ಕೆ ತೆಳು ಪೊರೆಯೊಂದರಿಂದ ತೂಗುಬಿದ್ದಿರುತ್ತದೆ. ಸೀರೆಯ ನೆರಿಗೆಯಂತೆ ಈ ಪೊರೆ ಬುಡದಲ್ಲಿ ಗಿಡ್ಡ, ಕೆಳಗೆ ಅಗಲ. ರಕ್ತನಾಳಗಳೆಲ್ಲ ಅದರೊಳಗೇ ಹಾದುಹೋಗುತ್ತವೆ. ಬುಡ ಹೊಸೆದುಕೊಂಡರೆ ತೆಳುಗೋಡೆಯ ಅಭಿಧಮನಿ ಮೊದಲು ಮುಚ್ಚುತ್ತದೆ, ಅಪಧಮನಿ ಮಾತ್ರ ರಕ್ತ ತಳ್ಳುತ್ತಲೇ ಇರುತ್ತದೆ. ಕರುಳು ಊದಿ ಕಪ್ಪಾಗುತ್ತದೆ. ರಕ್ತಭೇದಿ, ಬಿಳಿಚಿದ ಒಸಡು, ಕುಸಿತ ಎಲ್ಲವೂ ಕೆಲವೇ ಗಂಟೆಗಳೊಳಗೆ. ಶಸ್ತ್ರಚಿಕಿತ್ಸೆಯಾದರೂ ಉಳಿಯುವ ನಾಯಿಗಳು ಕಡಿಮೆ.

ಇದು ಹುಟ್ಟಿನಿಂದ ಬರುತ್ತದೆಯೇ? ಕರುಳನ್ನು ತಿರುಚುವ ಜೀನು ಎಂಬುದು ಯಾವುದೂ ಸಿಕ್ಕಿಲ್ಲ. ಆದರೂ ಈ ರೋಗ ಜರ್ಮನ್ ಶೆಪರ್ಡ್‌ಗಳನ್ನೇ ಹೆಚ್ಚಾಗಿ ಹಿಡಿಯುತ್ತದೆ. ಅದಕ್ಕೊಂದು ಸುಳಿವು ಫಿನ್‌ಲೆಂಡಿನಿಂದ ಬಂತು. ಅಲ್ಲಿನ ಪಶುವೈದ್ಯರು 1989ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕರುಳು ತಿರುಚಿದ 21 ನಾಯಿಗಳಿಗೆ ಮೊದಲಿನಿಂದಲೂ ಮೇದೋಜೀರಕ ಗ್ರಂಥಿಯ ಕೊರತೆಯಿತ್ತು. ಈ ಗ್ರಂಥಿ ಸೊರಗಿದರೆ ಆಹಾರ ಅರಗಿಸುವ ಕಿಣ್ವಗಳು ಸಾಲದಾಗುತ್ತವೆ. ಅರಗದ ಆಹಾರ ಕರುಳಿನಲ್ಲಿ ಹುಳಿತು ಗಾಳಿಯಾಗುತ್ತದೆ. ತಿರುಚಿಗೆ ಅದೇ ದಾರಿ ಮಾಡಿಕೊಡುತ್ತದೆ ಎಂದು ಊಹೆ. ಈ ಕೊರತೆ ಜರ್ಮನ್ ಶೆಪರ್ಡ್ ಮತ್ತು ಕೋಲಿ ತಳಿಗಳಲ್ಲಿ ವಂಶದಲ್ಲೇ ಹರಿದು ಬರುತ್ತದೆ. ತಂದೆ, ತಾಯಿ ಇಬ್ಬರಿಂದಲೂ ಬಂದ ಒಂದೇ ದೋಷಪೂರಿತ ಜೀನು ಇದಕ್ಕೆ ಕಾರಣವೆಂದು ಬಹುಕಾಲ ನಂಬಿದ್ದರು. ಆದರೆ ಈ ಕೊರತೆಯಿದ್ದ ಎರಡು ನಾಯಿಗಳನ್ನೇ ಕೂಡಿಸಿ ನೋಡಿದಾಗ ಕೆಲವು ಮರಿಗಳಿಗಷ್ಟೇ ಅದು ಬಂತು. ಲೆಕ್ಕ ಅಷ್ಟು ಸರಳವಲ್ಲ, ಹಲವು ಜೀನುಗಳ ಜೊತೆ ಪರಿಸರವೂ ಸೇರಿದೆ ಎಂದು ಅದರಿಂದ ತಿಳಿಯಿತು.

ಜರ್ಮನ್ ಶೆಪರ್ಡ್ ತಳಿಯ ಇತಿಹಾಸವನ್ನೂ ಇಲ್ಲಿ ನೋಡಬೇಕು. 1899ರಲ್ಲಿ ಜರ್ಮನಿಯ ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ತಾನು ಕೊಂಡ ಹೊರಾಂಡ್ ಎಂಬ ನಾಯಿಯನ್ನು ವಂಶಾವಳಿ ಪುಸ್ತಕದ ಮೊದಲ ಹೆಸರಾಗಿ ಬರೆಸಿದ. ಒಳ್ಳೆಯ ಗುಣ ಗಟ್ಟಿಯಾಗಲೆಂದು ಹತ್ತಿರದ ರಕ್ತದಲ್ಲೇ ಕೂಡಿಸಿದ್ದರಿಂದ ಅವಿತಿದ್ದ ದೋಷವೂ ಗಟ್ಟಿಯಾಯಿತು. ಒಂದು ಗಂಡಿಗೆ ಬಹುಮಾನ ಬಂದರೆ ಎಲ್ಲರೂ ಅದರ ಬೆನ್ನು ಹತ್ತುವ ಚಾಳಿ ಇಂದಿಗೂ ಬಿಟ್ಟಿಲ್ಲ.

ಜಠರದ ತಿರುಚಿನಲ್ಲಿ ವಂಶದ ಪಾಲು ಇನ್ನೂ ಸ್ಪಷ್ಟ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಗ್ಲಿಕ್‌ಮನ್ ತಂಡ ದೊಡ್ಡ ತಳಿಗಳನ್ನು ವರ್ಷಗಟ್ಟಲೆ ಗಮನಿಸಿತು. ಎದೆ ಆಳವಾಗಿ, ಅಗಲ ಕಡಿಮೆಯಿರುವ ನಾಯಿಗಳಿಗೆ ಅಪಾಯ ಹೆಚ್ಚು. ತಂದೆ ತಾಯಿಗೋ ಒಡಹುಟ್ಟಿದವಕ್ಕೋ ಈ ರೋಗ ಬಂದಿದ್ದರೆ ಆ ನಾಯಿಗಳಿಗೂ ಅಪಾಯ ಹೆಚ್ಚು. ಗಬಗಬ ತಿನ್ನುವುದೂ ಕೆಡುಕು. ಊಟದ ಬಟ್ಟಲನ್ನು ಎತ್ತರದ ಸ್ಟ್ಯಾಂಡಿನ ಮೇಲಿಡುವುದು ಒಳ್ಳೆಯದೆಂಬ ನಂಬಿಕೆಯೂ ಆ ಅಧ್ಯಯನದಲ್ಲಿ ತಲೆಕೆಳಗಾಯಿತು. 2017ರಲ್ಲಿ ಗ್ರೇಟ್ ಡೇನ್ ನಾಯಿಗಳನ್ನು ಪರೀಕ್ಷಿಸಿದಾಗ ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಮೂರು ಜೀನುಗಳ ಕೆಲವು ರೂಪಗಳು ಈ ರೋಗದ ಜೊತೆ ಕಾಣಿಸಿಕೊಂಡವು.

ನಮ್ಮದೇ ಮುಧೋಳ ನಾಯಿಗೂ ಆಳವಾದ ಎದೆ, ಒಳಸರಿದ ಹೊಟ್ಟೆ. ಆಕಾರ ನೋಡಿದರೆ ಅದಕ್ಕೂ ಎಚ್ಚರ ಬೇಕು. ಆ ತಳಿಗಾಗಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವನ್ನೇ ನಡೆಸುತ್ತಿದೆ. ಸಾಕಿದವರು ನಾಯಿ ಹೇಗೆ ಸತ್ತಿತೆಂದು ಅಂಥ ಕಡೆ ತಿಳಿಸಿದರೆ ಮುಂದಿನ ಸಂತತಿಗೆ ಉಪಕಾರವಾದೀತು.

ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿದು ಮತ್ತೆ ಮಗುಚದಂತೆ ಮಾಡುವ ಆಪರೇಷನ್ ಇದೆ. ಅದು ಕರುಳಿಗೆ ಕಾವಲಾಗದು, ಮರಿಗಳಿಗೆ ಹೋಗುವ ಜೀನನ್ನೂ ಬದಲಿಸದು. ಹಾಗೆ ಉಳಿದ ನಾಯಿಯನ್ನು ಪ್ರೀತಿಯಿಂದ ಸಾಕಿ, ಕ್ರಾಸ್ ಮಾಡಿಸಬೇಡಿ ಎನ್ನುವುದು ನನ್ನ ಖಚಿತ ಮಾತು. ಪಕ್ಕದೂರಿನಲ್ಲಿ ಅದೇ ಜಾತಿಯ ಗಂಡು ಸಿಕ್ಕಿತು ಎಂಬುದಷ್ಟೇ ಕೂಡಿಸಲು ಕಾರಣವಾಗಬಾರದು. ಅದು ಅಣ್ಣನೋ ಅಪ್ಪನೋ ಆಗಿರಬಹುದು.

ಮರಿ ಕೊಳ್ಳುವಾಗ ಸರ್ಟಿಫಿಕೇಟಿಗಿಂತ ಮೊದಲು ಇಷ್ಟು ಕೇಳಿ: ತಂದೆ ತಾಯಿ ಬದುಕಿವೆಯೇ, ಸತ್ತಿದ್ದರೆ ಹೇಗೆ? ಎಷ್ಟು ತಿಂದರೂ ಮೈಹತ್ತದೆ, ಜಿಡ್ಡಾಗಿ ರಾಶಿರಾಶಿ ಮಲ ಹಾಕುವ ಶೆಪರ್ಡ್ ಮನೆಯಲ್ಲಿದ್ದರೆ ಮೇದೋಜೀರಕ ಗ್ರಂಥಿಯ ಕೊರತೆಯಿದೆಯೇ ಎಂದು ರಕ್ತಪರೀಕ್ಷೆ ಮಾಡಿಸಿ. ಊಟದ ಜೊತೆ ಕಲಸಿ ಕೊಡುವ ಕಿಣ್ವದ ಪುಡಿ ಸಿಗುತ್ತದೆ. ಹೊಟ್ಟೆ ಉಬ್ಬಿ ನಾಯಿ ಒದ್ದಾಡತೊಡಗಿದರೆ ಬೆಳಗಾಗಲಿ ಎಂದು ಕಾಯಬೇಡಿ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಕೋಲಾರದಿಂದ ಸುಮಾರು 70 ಕಿಲೋಮೀಟರ್. ಹತ್ತಿರದಲ್ಲಿ ಆಪರೇಷನ್ ಮಾಡುವವರು ಯಾರಿದ್ದಾರೆಂದು ಇವತ್ತೇ ವಿಚಾರಿಸಿ, ಅವರ ಫೋನ್ ನಂಬರನ್ನು ಬರೆದಿಟ್ಟುಕೊಳ್ಳಿ.