ಬಂಡೆ ಹತ್ತೋ ಆರ್‌ಸಿ ಗಾಡಿಗೆ ಯಾವ ಶಾಕ್?

ಪಾಂಡವಪುರದ ಕುಂತಿಬೆಟ್ಟದ ಬಂಡೆ ನೋಡಿದೀರಲ್ಲ? ಒಂದು ಕಡೆ ನುಣುಪು, ಇನ್ನೊಂದು ಕಡೆ ಬಿರುಕು. ರಿಮೋಟ್ ಕ್ರಾಲರ್ ಇಂಥ ಕಲ್ಲು ಹತ್ತಬೇಕಾದ್ರೆ, ಮೋಟರ್‌ಗಿಂತ ಮೊದಲು ಶಾಕ್ ಅಬ್ಸಾರ್ಬರ್ ಸರಿ ಇರಬೇಕು.

ಉದ್ದ ಅಳೆಯಿರಿ: ಮೇಲಿನ ಬೋಲ್ಟ್ ತೂತಿನ ನಡುವಿನಿಂದ ಕೆಳಗಿನ ತೂತಿನ ನಡುವಿಗೆ. 1/10 ಸ್ಕೇಲ್ ಗಾಡಿಗೆ 90 ಮಿಲಿಮೀಟರ್ ಸಾಮಾನ್ಯ. ಎತ್ತರ ಕಾಣಲಿ ಅಂತ ಉದ್ದದ್ದು ಹಾಕಬೇಡಿ. ತೂಕ ಮೇಲೇರಿ, ಓರೆ ಬಂಡೇಲಿ ಗಾಡಿ ಮಗುಚುತ್ತೆ.

ಸ್ಪ್ರಿಂಗ್ ಮೆತ್ತಗಿರಲಿ. ಇದೇ ಮುಖ್ಯ, ಗಮನ ಕೊಡಿ. ಗಾಡಿ ಸುಮ್ಮನೆ ನಿಂತಾಗಲೇ ಶಾಕ್ ಸುಮಾರು ಮೂರರಲ್ಲೊಂದು ಭಾಗ ಕುಗ್ಗಿರಬೇಕು. ಯಾಕೆ? ಒಂದು ಚಕ್ರ ಕಲ್ಲು ಹತ್ತಿದಾಗ, ಪಕ್ಕದ ಚಕ್ರ ಕೆಳಗಿಳಿದು ನೆಲ ಹಿಡಿಯಬೇಕು. ಆ ಕುಗ್ಗಿದ ಭಾಗವೇ ಆಗ ಬಿಚ್ಚಿಕೊಳ್ಳೋದು. ಗಟ್ಟಿ ಸ್ಪ್ರಿಂಗ್ ಆದ್ರೆ ಚಕ್ರ ಗಾಳೀಲಿ ತಿರುಗುತ್ತೆ, ಅಷ್ಟೇ.

ಒಳಗೆ ಸಿಲಿಕೋನ್ ಎಣ್ಣೆ ಇರಲೇಬೇಕು. ಸ್ಪ್ರಿಂಗ್ ಒಮ್ಮೆಲೇ ಪುಟಿಯದ ಹಾಗೆ ತಡೆಯೋದು ಅದೇ. ಎಷ್ಟೋ ಅಗ್ಗದ ಶಾಕ್‌ಗಳು ಎಣ್ಣೆ ಇಲ್ಲದೇ ಬರ್ತವೆ. ಕೈಯಲ್ಲಿ ಒತ್ತಿ ಬಿಡಿ: ಟಣ್ ಅಂತ ಹಾರಿದ್ರೆ ಒಳಗೆ ಖಾಲಿ, ನಿಧಾನಕ್ಕೆ ವಾಪಸ್ ಬಂದ್ರೆ ಎಣ್ಣೆ ಇದೆ. ಹಣ ಉಳಿಸೋ ಜಾಗ ಇದಲ್ಲ. ಮಂಡ್ಯದ ಏಪ್ರಿಲ್ ಬಿಸಿಲಿಗೆ ಎಣ್ಣೆ ತೆಳುವಾಗುತ್ತೆ, ಆಗ ಒಂದು ದರ್ಜೆ ದಪ್ಪದ್ದು ತುಂಬಿ.

ಮದ್ದೂರಲ್ಲಿ ಶಿಂಷಾ ದಡದ ಮರಳಲ್ಲಿ ಓಡಿಸಿದ್ರೆ ಶಾಕ್ ರಾಡ್ ಒರೆಸಿಡಿ. ಮರಳು ಕಣ ಸೀಲ್ ತಿಂದು ಎಣ್ಣೆ ಸೋರುತ್ತೆ. ಮಳವಳ್ಳಿಯವರೇ, ಮುತ್ತತ್ತಿ ಕಾವೇರಿ ವನ್ಯಧಾಮದ ಕಾಡು, ಅಲ್ಲಿ ಗಾಡಿ ಬಿಡಬೇಡಿ. ಹೊಲದ ಬದಿಯ ಬಂಡೆ ಸಾಕು, ಹೊಲದವರನ್ನ ಕೇಳಿ ಬಿಡಿ.